ಎಕ್ಸ್‌ರೇ ಕ್ಲಿಯರ್ ಬಂದಿದೆ, ಇನ್ನೂ ಸಿಟಿ ಸ್ಕ್ಯಾನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪೊನ್ನಂಪೇಟೆ ಹತ್ತಿರ ಕಾಫಿ ತೋಟ. ಜೂಲಿ ಅಂತ ಹೆಣ್ಣು ಲ್ಯಾಬ್ರಡಾರ್ ಇದೆ, ಒಂಬತ್ತು ವರ್ಷ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಲ್ಲ. ಹಿಂಗಾಲಿನ ಹತ್ತಿರದ ಮೊಲೆಯಲ್ಲಿ ಸುಮಾರು 3 ಸೆಂಟಿಮೀಟರಿನ ಗಂಟು ಬಂದಿದೆ. ಇಲ್ಲಿನ ಡಾಕ್ಟರು ಸೂಜಿ ಹಾಕಿ ನೋಡಿ ಕ್ಯಾನ್ಸರ್ ಇರಬಹುದು ಅಂದರು, ಎದೆಯ ಎಕ್ಸ್‌ರೇ ತೆಗೆಸಿದರು. "ಕ್ಲಿಯರ್ ಇದೆ, ಒಂದು ಚುಕ್ಕೆ ಮಾತ್ರ ಡೌಟು" ಅಂದಿದ್ದಾರೆ. ಫೋಟೋ ಕಳಿಸಿದ್ದೇನೆ. ಗಂಟಿರುವುದು ಹೊಟ್ಟೆಯ ಕೆಳಗೆ, ಎದೆಯ ಎಕ್ಸ್‌ರೇ ಯಾಕೆ? ಮೈದುನ ಬೆಂಗಳೂರಲ್ಲಿದ್ದಾನೆ, ಸಿಟಿ ಸ್ಕ್ಯಾನ್ ಇಲ್ಲವೇ ಪೆಟ್ ಸ್ಕ್ಯಾನ್ ಮಾಡಿಸಲೇಬೇಕು ಅಂತಾನೆ. ಮನೆಯವರು ಕೊಯ್ಲು ಮುಗಿಯಲಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ:

ಮೇಡಂ, ಇಬ್ಬರದ್ದೂ ಬೇಡ. ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ರೋಬಸ್ಟಾ ಮುಗಿಸಿ, ಮೆಣಸು ಇಳಿಸಿ, ಲೆಕ್ಕ ಚುಕ್ತಾ ಮಾಡುವಷ್ಟರಲ್ಲಿ ಏಪ್ರಿಲ್ ಬಂದಿರುತ್ತೆ. ಹಾಗಂತ ಇವತ್ತೇ ಬೆಂಗಳೂರಿಗೆ ಗಾಡಿ ಹತ್ತಿಸುವುದೂ ಬೇಡ. ಎದೆಯ ಎಕ್ಸ್‌ರೇ ಇನ್ನೊಮ್ಮೆ, ಸರಿಯಾಗಿ, ಮೂರು ಭಂಗಿಯಲ್ಲಿ ತೆಗೆಸಿ. ತೊಡೆಸಂದಿನ ಗ್ರಂಥಿಗೆ ಸೂಜಿ ಹಾಕಿಸಿ ಕಣ ಪರೀಕ್ಷೆ ಮಾಡಿಸಿ. ಹೊಟ್ಟೆಯ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಾಡಿಸಿ. ಅಷ್ಟರಲ್ಲಿ ಕೆಟ್ಟದ್ದೇನೂ ಸಿಗದಿದ್ದರೆ ಗಂಟು ತೆಗೆಸಿಬಿಡಿ. ಸಿಟಿ ಬೇಕಾಗುವ ಸಂದರ್ಭ ಇದ್ದೇ ಇದೆ, ಅದನ್ನು ಕೆಳಗೆ ಹೇಳುತ್ತೇನೆ. ನಿಮ್ಮದು ಸದ್ಯಕ್ಕೆ ಅದಲ್ಲ.

ಹೊಟ್ಟೆಯ ಕೆಳಗಿನ ಗಂಟಿಗೆ ಎದೆಯ ಫೋಟೋ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ, ಕೆಲವರು ಡಾಕ್ಟರು ದುಡ್ಡು ಮಾಡೋಕೆ ಬರೆದುಕೊಟ್ಟರು ಅಂತಲೂ ಅಂದುಕೊಳ್ಳುತ್ತಾರೆ. ವಿಷಯ ಸರಳ. ಮೊಲೆಯಿಂದ ವಾಪಸ್ ಹೊರಟ ರಕ್ತ ಹೃದಯದ ಬಲಭಾಗಕ್ಕೆ ಬರುತ್ತೆ, ಅಲ್ಲಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ಲಿ ರಕ್ತನಾಳಗಳು ಕೂದಲಿಗಿಂತ ತೆಳ್ಳಗಾಗುತ್ತವೆ. ಗಂಟಿನಿಂದ ಕಳಚಿ ರಕ್ತದಲ್ಲಿ ತೇಲಿ ಬಂದ ಕ್ಯಾನ್ಸರ್ ಕಣ ಮೊದಲು ಸಿಕ್ಕಿಹಾಕಿಕೊಳ್ಳುವ ಜಾಗ ಅದು. ಇನ್ನೊಂದು ದಾರಿ ದುಗ್ಧರಸ ಗ್ರಂಥಿಗಳದ್ದು, ಇಂಗ್ಲಿಷಲ್ಲಿ ಲಿಂಫ್ ನೋಡ್. ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆ. ಮುಂದಿನವುಗಳ ರಸ ಹೆಚ್ಚಾಗಿ ಕಂಕುಳ ಗ್ರಂಥಿಗೆ ಹೋಗುತ್ತೆ, ಹಿಂದಿನವುಗಳದ್ದು ತೊಡೆಸಂದಿನ ಗ್ರಂಥಿಗೆ. ಜೂಲಿಯ ಗಂಟು ಹಿಂದಿನ ಮೊಲೆಯಲ್ಲಿರುವುದರಿಂದ ತೊಡೆಸಂದು, ಅಲ್ಲಿಂದ ಒಳಗೆ ಸೊಂಟದ ಮೂಳೆಯ ಹತ್ತಿರದ ಗ್ರಂಥಿ, ಆಮೇಲೆ ಶ್ವಾಸಕೋಶ. ನೋಡಬೇಕಾದ ಜಾಗಗಳು ಇವೇ.

ಒಂದು ಸಮಾಧಾನದ ಮಾತು. ನಾಯಿಯ ಮೊಲೆ ಗಂಟುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಕೆಟ್ಟವು, ಉಳಿದರ್ಧ ಹರಡುವಂಥವಲ್ಲ. ಸೂಜಿ ಪರೀಕ್ಷೆ ಈ ಎರಡನ್ನು ಪೂರ್ತಿ ಬೇರೆ ಮಾಡಿ ಹೇಳಲಾರದು. ಯಾಕೆಂದರೆ ಒಂದೇ ಗಂಟಿನ ಒಂದು ಮೂಲೆ ಒಳ್ಳೆಯದಿದ್ದು ಇನ್ನೊಂದು ಮೂಲೆ ಕೆಟ್ಟಿರಬಹುದು. ಕೊನೆಯ ಮಾತು ಹೇಳುವುದು ತೆಗೆದ ಗಂಟಿನ ಬಯಾಪ್ಸಿಯೇ. "ಕ್ಯಾನ್ಸರ್ ಇರಬಹುದು" ಅಂದಿದ್ದಾರೆ, "ಇದೆ" ಅಂದಿಲ್ಲ, ಅಲ್ವಾ?

ಈಗ ನೀವು ಕಳಿಸಿದ ಫೋಟೋಗೆ ಬರೋಣ. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಲ್ಲಿ ತೆಗೆದಿದ್ದೀರಿ, ಲೈಟಿನ ಪಟ್ಟಿ ಅಡ್ಡಡ್ಡ ಬಿದ್ದಿದೆ. ಆದರೂ ಕೆಲವು ಸಂಗತಿ ಕಾಣುತ್ತೆ. ಮೂಲೆಯಲ್ಲಿ 'ಆರ್' ಅಂತ ಇದೆ, ಅಂದರೆ ಜೂಲಿಯನ್ನು ಬಲಮಗ್ಗುಲಿಗೆ ಮಲಗಿಸಿದ್ದಾರೆ. ಒಂದೇ ಫಿಲ್ಮು. ಮುಂಗಾಲುಗಳನ್ನು ಮುಂದಕ್ಕೆ ಎಳೆದು ಹಿಡಿದಿಲ್ಲ, ತೋಳಿನ ಮಾಂಸ ಶ್ವಾಸಕೋಶದ ಮುಂಭಾಗದ ಮೇಲೆ ಬಿದ್ದು ಅಷ್ಟು ಜಾಗ ಮಸುಕಾಗಿದೆ. ಹಿಂದಿನ ತುದಿ, ಕೊನೆಯ ಪಕ್ಕೆಲುಬಿನ ಹತ್ತಿರ, ಫಿಲ್ಮಿಂದ ಆಚೆ ಹೋಗಿದೆ. ಯಾರನ್ನೂ ದೂರುತ್ತಿಲ್ಲ. ಮೂವತ್ತು ಕೆಜಿ ನಾಯಿ ಒದ್ದಾಡುವಾಗ ಒಂದು ಫಿಲ್ಮ್ ಸಿಕ್ಕಿದ್ದೇ ದೊಡ್ಡದು. ಆದರೆ ಇದನ್ನು ನೋಡಿ "ಕ್ಲಿಯರ್" ಅನ್ನುವುದು ಕಷ್ಟ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಪ್ರಶ್ನೆಯ ಜೀವ ಇರುವುದೇ ಇಲ್ಲಿ. ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿ ಕಾಣುತ್ತೆ, ಮಾಂಸ ಬೂದುಬಿಳಿಯಾಗಿ, ಮೂಳೆ ಅಚ್ಚಬಿಳಿಯಾಗಿ. ಶ್ವಾಸಕೋಶದ ತುಂಬಾ ಗಾಳಿ, ಹಾಗಾಗಿ ಅದು ಕಪ್ಪು ಹಿನ್ನೆಲೆ. ಅದರ ಮೇಲೆ ಕ್ಯಾನ್ಸರ್ ಗಂಟು ಬೂದುಬಿಳಿ ಚುಕ್ಕೆಯಾಗಿ ಎದ್ದು ಕಾಣಬೇಕು. ನಾಯಿ ಬಲಮಗ್ಗುಲಿಗೆ ಮಲಗಿದರೆ ಅದರ ತೂಕವೆಲ್ಲ ಬಲ ಶ್ವಾಸಕೋಶದ ಮೇಲೆ ಬಿದ್ದು, ಗಾಳಿ ಹೊರಗೆ ಹೋಗಿ, ಆ ಭಾಗವೇ ಬೂದುಬಿಳಿಯಾಗುತ್ತೆ. ಅಲ್ಲಿ ಗಂಟಿದ್ದರೆ ಭಾಗಮಂಡಲದ ಮಂಜಿನಲ್ಲಿ ನಿಂತ ಬಿಳಿ ಹಸುವಿನ ಕಥೆ, ಎದುರಿಗಿದ್ದರೂ ಕಾಣಲ್ಲ. ಮೇಲಿರುವ ಎಡ ಶ್ವಾಸಕೋಶದಲ್ಲಿ ಮಾತ್ರ ಗಾಳಿ ತುಂಬಿ ಚೆನ್ನಾಗಿ ಕಾಣುತ್ತೆ. ನಿಮ್ಮ ಫಿಲ್ಮ್ ಎಡಭಾಗದ ಬಗ್ಗೆ ಒಂದಿಷ್ಟು ಹೇಳಿದೆ, ಬಲಭಾಗದ ಬಗ್ಗೆ ಹೆಚ್ಚುಕಮ್ಮಿ ಬಾಯಿ ಬಿಟ್ಟಿಲ್ಲ. ಅದಕ್ಕೇ ಬಲಮಗ್ಗುಲು, ಎಡಮಗ್ಗುಲು, ಅಂಗಾತ ಅಂತ ಮೂರು ಫೋಟೋ ಬೇಕು.

ಫೋಟೋ ತೆಗೆಯುವ ಕ್ಷಣವೂ ಮುಖ್ಯ. ನಾಯಿ ಪೂರ್ತಿ ಉಸಿರೆಳೆದಾಗ ತೆಗೆಯಬೇಕು. ಸಾಧ್ಯವಾದಷ್ಟು ಅರಿವಳಿಕೆ ಕೊಡುವ ಮೊದಲೇ ತೆಗೆಸಿ. ಅರಿವಳಿಕೆಯಲ್ಲಿ ಒಂದೇ ಮಗ್ಗುಲಿಗೆ ತುಂಬಾ ಹೊತ್ತು ಮಲಗಿದ್ದರೆ ಕೆಳಗಿನ ಶ್ವಾಸಕೋಶ ಇನ್ನೂ ಮುದುಡಿಕೊಳ್ಳುತ್ತೆ. ಆಪರೇಷನ್ ದಿನ ಹೇಗೂ ಮಲಗಿಸುತ್ತೇವಲ್ಲ, ಆಗಲೇ ಎಕ್ಸ್‌ರೇ ತೆಗೆದರಾಯ್ತು ಅಂತ ಯಾರಾದರೂ ಅಂದರೆ ಬೇಡ ಅನ್ನಿ.

ಆ ಡೌಟಿನ ಚುಕ್ಕೆ. ಹೃದಯದ ಹಿಂದೆ, ಎದೆಯ ಕೆಳಭಾಗದಲ್ಲಿ ಇದೆ. ನನ್ನ ಮೊದಲ ಅನುಮಾನ ಮೊಲೆತೊಟ್ಟಿನ ಮೇಲೆ. ಎದೆಯ ಭಾಗದ ತೊಟ್ಟುಗಳು ಫಿಲ್ಮಲ್ಲಿ ಶ್ವಾಸಕೋಶದ ಮೇಲೆಯೇ ಬಿದ್ದು, ಥೇಟ್ ಕ್ಯಾನ್ಸರ್ ಚುಕ್ಕೆಯ ಹಾಗೆ ಕಾಣುತ್ತವೆ. ಪರೀಕ್ಷೆ ಸುಲಭ. ತೊಟ್ಟಿಗೆ ಚೂರು ಬೇರಿಯಂ ಪೇಸ್ಟ್ ಹಚ್ಚಿ ಇನ್ನೊಂದು ಫೋಟೋ ತೆಗೆಯುವುದು. ಚುಕ್ಕೆ ಇದ್ದ ಜಾಗದಲ್ಲೇ ಅಚ್ಚಬಿಳಿ ಗುರುತು ಬಂದರೆ ಅದು ತೊಟ್ಟು, ನೀವು ನೆಮ್ಮದಿಯಾಗಿ ಮಲಗಬಹುದು.

ನಮ್ಮ ಕಡೆಯ ನಾಯಿಗಳಲ್ಲಿ ಇನ್ನೊಂದು ಕಾಟ ಇದೆ, ಉಣ್ಣೆ. ರಕ್ತ ಕುಡಿದು ಉಬ್ಬಿದ ಉಣ್ಣೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಎಕ್ಸ್‌ರೇಯಲ್ಲಿ ದುಂಡಗೆ ಚೆಂದವಾಗಿ ಒಂದು ಗಂಟಾಗಿ ಮೂಡುತ್ತೆ. ಬೆಳಗ್ಗೆ ಇಬ್ಬನಿಯಲ್ಲಿ ತೋಟ ಸುತ್ತಿ ಬಂದ ನಾಯಿಯ ಒದ್ದೆ ಕೂದಲು, ಹೊಟ್ಟೆಗೆ ಮೆತ್ತಿಕೊಂಡ ಕೆಸರು, ಇವೂ ಗೆರೆಗೆರೆಯಾಗಿ, ಮಚ್ಚೆಮಚ್ಚೆಯಾಗಿ ಬರುತ್ತವೆ. ಆದ್ದರಿಂದ ಎಕ್ಸ್‌ರೇಗೆ ಹೋಗುವ ಹಿಂದಿನ ದಿನ ಜೂಲಿಯನ್ನು ತೊಳೆಸಿ, ಪೂರ್ತಿ ಒಣಗಿಸಿ, ಮೈತುಂಬಾ ಕೈಯಾಡಿಸಿ ಉಣ್ಣೆ ಕಿತ್ತು ಕರೆದುಕೊಂಡು ಹೋಗಿ. ಬೆಲ್ಟು, ಗೆಜ್ಜೆ, ಕತ್ತಿನ ತಾಯತ ಎಲ್ಲ ತೆಗೆಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ವಯಸ್ಸಾದ ನಾಯಿಗಳ ಶ್ವಾಸಕೋಶದಲ್ಲಿ ಮೂಳೆಯ ಚೂರಿನಂಥ ಸಣ್ಣ ಸಣ್ಣ ಕಾಳುಗಳೂ ಇರುತ್ತವೆ, ಅವು ನಿರುಪದ್ರವಿ. ಕ್ಯಾನ್ಸರಿಂದ ಅವನ್ನು ಬೇರೆ ಮಾಡಲು ಒಂದು ಉಪಾಯ ಇದೆ. ಮೂರು ಮಿಲಿಮೀಟರಿನ ಮಾಂಸದ ಗಂಟು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅಷ್ಟು ಸಣ್ಣದೊಂದು ಎದ್ದು ಬೆಳ್ಳಗೆ ಕಾಣುತ್ತಿದೆ ಅಂದರೆ ಅದು ಮಾಂಸ ಅಲ್ಲ, ಮೂಳೆಯೋ ಸುಣ್ಣದಂಶವೋ, ಇಲ್ಲಾ ನೇರ ನಮ್ಮ ಕಡೆಗೆ ಮುಖ ಮಾಡಿ ಬರುತ್ತಿರುವ ರಕ್ತನಾಳ. ಸಗಣಿ ಹುಳ ತಿನ್ನುವ ಚಾಳಿ ಇರುವ ತೋಟದ ನಾಯಿಗಳಲ್ಲಿ ಸ್ಪೈರೊಸೆರ್ಕಾ ಅನ್ನುವ ಹುಳ ಅನ್ನನಾಳದಲ್ಲಿ ಗಂಟು ಕಟ್ಟುವುದೂ ಉಂಟು. ಅದು ಎದೆಯ ಹಿಂಭಾಗದ ನಡುವೆ ಕಾಣುತ್ತೆ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಆದರೆ ಹಾಗೇ ಬಿಟ್ಟರೆ ಅದೂ ಕ್ಯಾನ್ಸರಿಗೆ ತಿರುಗಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿ ಮೂರೂ ಫಿಲ್ಮ್ ಶುದ್ಧವಾಗಿ ಬಂತು ಅಂದುಕೊಳ್ಳಿ. ಆಗ ಕ್ಲಿಯರ್ ಅನ್ನುವುದರ ಅರ್ಥ, ಕಾಣುವಷ್ಟು ದೊಡ್ಡ ಗಂಟು ಇಲ್ಲ ಅಂತ, ಅಷ್ಟೇ. ಎಕ್ಸ್‌ರೇಗೆ ಕಾಣಬೇಕಾದರೆ ಗಂಟು ಹೆಚ್ಚುಕಮ್ಮಿ 5ರಿಂದ 9 ಮಿಲಿಮೀಟರ್ ಆಗಿರಬೇಕು. ಸಿಟಿಗೆ 1 ಮಿಲಿಮೀಟರ್ ಸಾಕು. ಕ್ಯಾನ್ಸರ್ ಹರಡಿದ್ದ ನಾಯಿಗಳಲ್ಲಿ ಎರಡನ್ನೂ ಹೋಲಿಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಟಿ ಹುಡುಕಿದ ಗಂಟುಗಳಲ್ಲಿ ಎಕ್ಸ್‌ರೇಗೆ ಸಿಕ್ಕಿದ್ದು ನೂರಕ್ಕೆ 9 ಮಾತ್ರ. ಇದು ಗಂಟುಗಳ ಲೆಕ್ಕ, ನಾಯಿಗಳದ್ದಲ್ಲ. ಹತ್ತು ಗಂಟಿರುವ ನಾಯಿಯಲ್ಲಿ ಒಂದೇ ಒಂದು ದೊಡ್ಡದು ಕಂಡರೂ ನಮಗೆ ಬೇಕಾದ ಉತ್ತರ ಸಿಕ್ಕಂತೆಯೇ. ಆದರೂ ನಿಮ್ಮ ಮೈದುನ ಹೇಳಿದ್ದರಲ್ಲಿ ಹುರುಳಿದೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆದರೆ ಸಿಟಿಗೂ ಕಾಣದ್ದು ಇರುತ್ತೆ. 1 ಸೆಂಟಿಮೀಟರಿನ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶ, 1 ಮಿಲಿಮೀಟರಿನದ್ದರಲ್ಲೂ ಹತ್ತು ಲಕ್ಷದ ಆಸುಪಾಸು. ಅದಕ್ಕಿಂತ ಸಣ್ಣ ಗುಂಪು ಯಾವ ಯಂತ್ರಕ್ಕೂ ಸಿಗಲ್ಲ. ರಾಟ್‌ವೈಲರ್, ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳ ಮೂಳೆ ಕ್ಯಾನ್ಸರ್, ಆಸ್ಟಿಯೊಸಾರ್ಕೊಮಾ, ಇದಕ್ಕೆ ಒಳ್ಳೆಯ ಉದಾಹರಣೆ. ಕಾಯಿಲೆ ಗೊತ್ತಾದ ದಿನ ಎದೆಯ ಎಕ್ಸ್‌ರೇಯಲ್ಲಿ ಗಂಟು ಕಾಣುವುದು ನೂರಕ್ಕೆ ಹತ್ತು ಹದಿನೈದು ನಾಯಿಗಳಲ್ಲಿ, ಆದರೆ ಸುಮಾರು 90 ನಾಯಿಗಳಲ್ಲಿ ಅಷ್ಟರೊಳಗೆ ಕಣ್ಣಿಗೆ ಕಾಣದಂತೆ ಹರಡಿ ಆಗಿರುತ್ತೆ. ಅದಕ್ಕೇ ಫಿಲ್ಮ್ ಕ್ಲಿಯರ್ ಇದ್ದರೂ ಅವುಗಳಿಗೆ ಕಾಲು ತೆಗೆದ ಮೇಲೆ ಕೀಮೋ ಕೊಡುತ್ತೇವೆ. ಮೊಲೆ ಕ್ಯಾನ್ಸರ್ ಅಷ್ಟು ಅವಸರದ್ದಲ್ಲ. ಬೀದಿನಾಯಿಗಳ ಜನನಾಂಗದಲ್ಲಿ ಬರುವ, ಕೂಡುವಾಗ ಅಂಟುವ ಟಿವಿಟಿ ಗಂಟಂತೂ ಹರಡುವುದೇ ಅಪರೂಪ, ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುಪಾಲು ಕರಗಿಹೋಗುತ್ತೆ. ಅದಕ್ಕೆ ಸಿಟಿ ಮಾಡಿಸುವುದು ದಂಡ. ಯಾವ ಕ್ಯಾನ್ಸರ್ ಅಂತ ತಿಳಿಯದೆ ಯಾವ ಫೋಟೋ ಬೇಕು ಅಂತ ಹೇಳಲು ಆಗಲ್ಲ.

ಸ್ಕ್ಯಾನಿಂಗ್ ಅಂದರೆ ಅಲ್ಟ್ರಾಸೌಂಡ್. ಅದರ ಶಬ್ದದ ಅಲೆ ಗಾಳಿಯನ್ನು ದಾಟಲಾರದು, ಹಾಗಾಗಿ ಶ್ವಾಸಕೋಶದ ಒಳಗಿನದ್ದು ಅದಕ್ಕೆ ಕಾಣಲ್ಲ. ಹೊಟ್ಟೆಗೆ ಮಾತ್ರ ಅದೇ ಸರಿ. ಲಿವರ್, ಸ್ಪ್ಲೀನ್, ಸೊಂಟದ ಹತ್ತಿರದ ಒಳಗ್ರಂಥಿ, ಎಲ್ಲ ಕಾಣುತ್ತೆ. ಹೊಟ್ಟೆಯ ಕೂದಲು ಬೋಳಿಸುತ್ತಾರೆ, ಮತ್ತೆ ಬೆಳೆಯುತ್ತೆ ಬಿಡಿ. ಇಲ್ಲೊಂದು ಎಚ್ಚರ. ಒಂಬತ್ತು ವರ್ಷದ ನಾಯಿಯ ಲಿವರಿನಲ್ಲೋ ಸ್ಪ್ಲೀನಿನಲ್ಲೋ ಒಂದೆರಡು ಗಂಟು ಕಂಡ ತಕ್ಷಣ "ಹರಡಿಬಿಟ್ಟಿದೆ" ಅಂತ ತೀರ್ಮಾನಿಸಬೇಡಿ, ಯಾರನ್ನೂ ತೀರ್ಮಾನಿಸಲು ಬಿಡಬೇಡಿ. ವಯಸ್ಸಿನಿಂದ ಬರುವ ನಿರುಪದ್ರವಿ ಗಂಟು ತುಂಬಾ ಸಾಮಾನ್ಯ. ಸ್ಕ್ಯಾನಿಂಗ್ ಗಂಟು ಇದೆ ಅನ್ನುತ್ತೆ, ಯಾವ ಗಂಟು ಅನ್ನುವುದಿಲ್ಲ. ಅದನ್ನು ಹೇಳಲು ಸ್ಕ್ಯಾನಿಂಗ್ ನೋಡಿಕೊಂಡೇ ಸೂಜಿ ಹಾಕಿ ಕಣ ತೆಗೆಯಬೇಕು.

ತೊಡೆಸಂದಿನ ಗ್ರಂಥಿಗೂ ಇದೇ ಮಾತು, ಎರಡೂ ಕಡೆಯಿಂದ. ಗ್ರಂಥಿ ದಪ್ಪಗಾಗಿದೆ ಅಂದಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಕೊಡಗಿನ ತೋಟದ ನಾಯಿಗೆ ಉಣ್ಣೆಯಿಂದ ಬರುವ ಎರ್ಲಿಚಿಯಾ ಜ್ವರ ಬಂದರೆ ಗ್ರಂಥಿಗಳೂ ಊದುತ್ತವೆ, ಸ್ಪ್ಲೀನೂ ದೊಡ್ಡದಾಗುತ್ತೆ. ಅದನ್ನೇ ಕ್ಯಾನ್ಸರ್ ಅಂದುಕೊಂಡು ಕೈಚೆಲ್ಲಿದರೆ ಎಂಥ ಅನ್ಯಾಯ ನೋಡಿ, ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಇದೆ. ಹಾಗೆಯೇ ಗ್ರಂಥಿ ಸಣ್ಣಗಿದೆ ಅಂದಮಾತ್ರಕ್ಕೆ ಪಾರಾದಂತೆಯೂ ಅಲ್ಲ, ದಪ್ಪವಾಗುವ ಮೊದಲೇ ಒಳಗೆ ಕಣ ಸೇರಿರಬಹುದು. ಆದ್ದರಿಂದ ಸೂಜಿ. ಸೂಜಿಗೆ, ಆಪರೇಷನ್‌ಗೆ ಮೊದಲು ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೋಡಿಸುವುದನ್ನು ಮರೆಯಬೇಡಿ. ಉಣ್ಣೆ ಜ್ವರದಲ್ಲಿ ಅದು ಇಳಿದಿರುತ್ತೆ, ರಕ್ತ ನಿಲ್ಲುವುದು ಕಷ್ಟ.

ಸಿಟಿ ಯಾವಾಗ? ನಾನು ಎಲ್ಲರಿಗೂ ಕೇಳುವುದು ಒಂದೇ. ಸಿಟಿಯಲ್ಲಿ ಎರಡು ಮಿಲಿಮೀಟರಿನ ಒಂದು ಚುಕ್ಕೆ ಕಂಡರೆ ನೀವು ಬೇರೆ ಏನಾದರೂ ಮಾಡುತ್ತೀರಾ? ಜೂಲಿಯ ವಿಷಯದಲ್ಲಿ ಬಹುಶಃ ಇಲ್ಲ. ಎರಡು ಮಿಲಿಮೀಟರಿನ ಚುಕ್ಕೆಗೆ ಸೂಜಿ ಹಾಕಲು ಆಗಲ್ಲ, ಅದು ಕ್ಯಾನ್ಸರೇ ಅಂತ ಸಾಬೀತು ಮಾಡಲೂ ಆಗಲ್ಲ. ಆ ಡೌಟಿನಲ್ಲೇ ಗಂಟು ತೆಗೆಯದೆ ಬಿಟ್ಟರೆ, ಅದು ಒಡೆದು ಕೀವಾಗಿ ನೊಣ ಮುತ್ತಿ ನಾಯಿ ಪಡುವ ಪಾಡು ಬೇರೆ. ಒಂದು ಬದಿಯ ಮೊಲೆಸಾಲನ್ನೇ ತೆಗೆಯುವ ದೊಡ್ಡ ಆಪರೇಷನ್ ಮಾಡಬೇಕಾದರೆ, ಮೂರೂ ಫಿಲ್ಮ್ ತೆಗೆದ ಮೇಲೂ ಆ ಚುಕ್ಕೆ ಬಗೆಹರಿಯದಿದ್ದರೆ, ಅಥವಾ ತೊಡೆಸಂದಿನ ಗ್ರಂಥಿಯಲ್ಲಿ ಕ್ಯಾನ್ಸರ್ ಕಣ ಸಿಕ್ಕರೆ, ಆಗ ಸಿಟಿಯ ಮಾತೆತ್ತಿ. ಸಿಟಿಗೆ ಅರಿವಳಿಕೆ ಬೇಕು, ಉಸಿರು ತಡೆದು ಹಿಡಿದ ಕೆಲವು ಕ್ಷಣದಲ್ಲಿ ತೆಗೆಯುತ್ತಾರೆ. ಬಣ್ಣದ ಔಷಧಿ ರಕ್ತಕ್ಕೆ ಬಿಡುವುದರಿಂದ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಬೇಕು. ಖರ್ಚು ಎಕ್ಸ್‌ರೇಯ ಎಷ್ಟೋ ಪಟ್ಟು.

ಪೆಟ್ ಸ್ಕ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಅದನ್ನು ಜಾಸ್ತಿ ಹೀರುವ ಜಾಗ ಯಾವುದು ಅಂತ ನೋಡುವುದು. ಕ್ಯಾನ್ಸರ್ ಹೀರುತ್ತೆ, ಸೋಂಕಾದ ಜಾಗವೂ ಹೀರುತ್ತೆ. ಹೊರದೇಶದ ಕೆಲವು ಪಶುವೈದ್ಯ ಕಾಲೇಜುಗಳಲ್ಲಿ ನಾಯಿಗಳಿಗೆ ಬಳಸುತ್ತಾರೆ. ಜೂಲಿಗೆ ಬೇಡ. ಎಂಆರ್‌ಐ ಮಿದುಳು, ಬೆನ್ನುಹುರಿಗೆ, ನಿಮಗೆ ಅದೂ ಬೇಡ.

ಒಂದೇ ಒಂದು ಸಂದರ್ಭದಲ್ಲಿ ಈ ಸಲಹೆಯೆಲ್ಲ ತಲೆಕೆಳಗಾಗುತ್ತೆ. ಮೊಲೆಯ ಸುತ್ತ ಚರ್ಮ ಕೆಂಪಾಗಿ, ಬಿಸಿಯಾಗಿ, ಹಲಗೆಯಂತೆ ಗಟ್ಟಿಯಾಗಿ, ಮುಟ್ಟಿದರೆ ಕುಂಯ್ ಅಂದು, ಆ ಕಡೆಯ ಹಿಂಗಾಲೂ ಊದಿಕೊಂಡರೆ ಅದು ಉರಿಯೂತದ ಮೊಲೆ ಕ್ಯಾನ್ಸರ್ ಇರಬಹುದು. ಅದಕ್ಕೆ ಕತ್ತಿ ಹಾಕಿದರೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ನಿಮ್ಮ ವಿವರಣೆಯಲ್ಲಿ ಅದರ ಲಕ್ಷಣ ಇಲ್ಲ.

ಅವಸರ ಮಾಡಿ ಅನ್ನುವುದಕ್ಕೆ ಕಾರಣ ಗಂಟಿನ ಅಳತೆ. ಮೊಲೆ ಗಂಟಿಗೆ 3 ಸೆಂಟಿಮೀಟರ್ ಒಂದು ಗಡಿ, 5 ಇನ್ನೊಂದು. 3ರೊಳಗೆ ತೆಗೆದ ನಾಯಿಗಳು ಚೆನ್ನಾಗಿ ಬದುಕುತ್ತವೆ, ದಾಟಿದ ಹಾಗೆ ಹರಡುವ ಸಾಧ್ಯತೆ ಏರುತ್ತೆ. ಜೂಲಿ ಗಡಿಯ ಮೇಲೇ ನಿಂತಿದ್ದಾಳೆ. ಮನೆಯವರಿಗೆ ಇದನ್ನು ಹೇಳಿ.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರ ಹತ್ತಿರವೇ ಕೇಳಿ, ಮೂರು ಭಂಗಿಯ ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲಿ ಆಗುತ್ತೆ ಅಂತ ಅವರಿಗೆ ಗೊತ್ತಿರುತ್ತೆ. ಮೈಸೂರಿನ ಖಾಸಗಿ ಕ್ಲಿನಿಕ್‌ಗಳಿವೆ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಹಾಸನದ ಪಶುವೈದ್ಯ ಕಾಲೇಜು ಹತ್ತಿರ. ಕುಟ್ಟ, ಶ್ರೀಮಂಗಲದವರಿಗೆ ಗಡಿಯಾಚೆ ವಯನಾಡಿನ ಪೂಕೋಡು ಕಾಲೇಜೂ ಇದೆ. ಬೆಂಗಳೂರಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜು. ಎಲ್ಲಿಗೇ ಹೊರಡಿ, ಫೋನ್ ಮಾಡಿ ಯಂತ್ರ ನಡೆಯುತ್ತಿದೆಯಾ, ಆ ದಿನ ತೆಗೆಯುವವರು ಇದ್ದಾರಾ ಅಂತ ಕೇಳಿಕೊಂಡೇ ಗಾಡಿ ತೆಗೆಯಿರಿ. ಫಿಲ್ಮಿನ ಮೊಬೈಲ್ ಫೋಟೋ ಬೇಡ, ಡಿಜಿಟಲ್ ಎಕ್ಸ್‌ರೇ ಆದರೆ ಡೈಕಾಮ್ ಫೈಲನ್ನೇ, ಅಂದರೆ ಯಂತ್ರದ ಮೂಲ ಚಿತ್ರವನ್ನೇ, ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ವಾಟ್ಸಾಪಲ್ಲಿ ಕಳಿಸಿದ ಚಿತ್ರ ಕುಗ್ಗಿ, ನಾವು ಹುಡುಕುವ ಸಣ್ಣ ಚುಕ್ಕೆಯೇ ಅಳಿಸಿಹೋಗಿರುತ್ತೆ.

ಆಪರೇಷನ್ ಆದ ಮೇಲೆ ಬಯಾಪ್ಸಿ ಕೆಟ್ಟದ್ದೆಂದು ಬಂದರೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ. ಕೆಮ್ಮು ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ, ಶ್ವಾಸಕೋಶದಲ್ಲಿ ಗಂಟಿದ್ದೂ ಕೆಮ್ಮದ ನಾಯಿಗಳೇ ಜಾಸ್ತಿ. ಅದರ ಬದಲು ಮನೆಯಲ್ಲಿ ಜೂಲಿ ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. 30ರೊಳಗಿದ್ದರೆ ಸರಿ, ಅದಕ್ಕಿಂತ ಏರುತ್ತಲೇ ಹೋದರೆ ಮೂರು ತಿಂಗಳು ಕಾಯದೆ ಕರೆದುಕೊಂಡು ಹೋಗಿ. ನಾಲ್ಕೂ ಕಾಲು ಒಟ್ಟಿಗೆ ಊದಿ ಕುಂಟಿದರೂ ಅಷ್ಟೇ. ಎದೆಯಲ್ಲಿ ಗಂಟು ಬೆಳೆದಾಗ ಕಾಲಿನ ಮೂಳೆಯ ಮೇಲೆ ಹೊಸ ಮೂಳೆ ಕಟ್ಟುವ ಒಂದು ವಿಚಿತ್ರ ತೊಂದರೆ ನಾಯಿಗಳಲ್ಲಿದೆ, ಜನ ಅದನ್ನು ವಾತ ಅಂತ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ.

ಪ್ರತಿ ಸಲವೂ ಅದೇ ಮೂರು ಭಂಗಿ. ಹಳೆಯ ಫಿಲ್ಮುಗಳನ್ನು ಎಸೆಯಬೇಡಿ, ಈಗ ಇರುವ ಆ ಅರೆಬರೆ ಫಿಲ್ಮನ್ನೂ ಸೇರಿಸಿ. ಹೊಸ ಚುಕ್ಕೆಯೋ ಹಳೆಯದೋ ಅನ್ನುವುದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಗೊತ್ತಾಗುವುದು.